ಊರಗೂಡಿನ ಮಣ್ಣುಂಡೆ

ಬನ್ರೋ ಮಕ್ಳಾ, ಹತ್ರ ಬನ್ನಿ. ಪೊದೆ ಬಾಗ್ಲಿಗೆ ಆ ಮುಳ್ಳುಕಡ್ಡಿ ಅಡ್ಡ ಎಳ್ಕೊಳ್ಳಿ. ಎಳೆದ್ರಾ? ಈಗ ಎಲ್ರೂ ರೆಕ್ಕೆ ಮುಟ್ಕೊಂಡು ಆಣೆ ಹಾಕಿ. ನಾನು ಹೇಳೋದು ಈ ಪೊದೆ ದಾಟಿ ಆಚೆ ಹೋಗಬಾರ್ದು. ಹೋಯ್ತೋ, ಹೇಳಿದೋರ ಬಾಲದಲ್ಲಿ ಒಂದು ಪುಕ್ಕಾನೂ ಉಳೀದೆ ಉದುರಿ ಹೋಗ್ಲಿ. ಹೂಂ ಅನ್ನಿ. ಏಯ್ ಚಿಕ್ಕೋನೇ, ಅತ್ಲಾಗೆ ನೋಡ್ಬೇಡ, ನೀನೂ ಅನ್ನು.

ಇದು ನಿಂಗಾಜಕ್ಕ ತಾನಾಗೇ ನನ್ ಹತ್ರ ಹೇಳ್ಕೊಂಡಿದ್ದು. "ಯಾರಿಗೂ ಹೇಳ್ಬೇಡ ಕಣೇ" ಅಂದ್ಲು. ನಾನು ಯಾರಿಗೆ ಹೇಳ್ತೀನಿ? ಯಾರಿಗೂ ಹೇಳಿಲ್ಲ. ಆ ಅಳಿಲಿಗೆ ಹೇಳ್ದೆ, ಅದು ಲೆಕ್ಕಕ್ಕಿಲ್ಲ ಬಿಡಿ. ಹರಟೆಮಲ್ಲನ ಜಾತೀಲಿ ಹುಟ್ಟಿದ ಮೇಲೆ ಮಾತನ್ನ ಹೊಟ್ಟೇಲೇ ಇಟ್ಕೊಂಡ್ರೆ ತಿಂದಿದ್ದು ಅರಗೋದು ಹೆಂಗೆ?

ನಮ್ಮ ಕೆರೆ ಏರಿ ಕೊನೇಲಿ, ನೀರಿನ ಮೇಲಕ್ಕೆ ಬಾಗಿರೋ ಈಚಲು ಮರ ಇದೆಯಲ್ಲ, ಅದರ ಗರಿಗೆ ಜೋತು ಬಿದ್ದಿರೋದೇ ಊರಗೂಡು. ದೊಡ್ಡ ಕುಕ್ಕೆ ಬೋರಲು ಹಾಕಿ ನೇತು ಬಿಟ್ಟಂಗೆ ಇದೆ. ಬಾಗ್ಲು ಕೆಳಗಡೆ. ಹಾವು ಹತ್ತಂಗಿಲ್ಲ, ಬೆಕ್ಕು ಎಟುಕಂಗಿಲ್ಲ. ಅದು ಯಾರದ್ದು ಅಂದ್ರೆ ಯಾರದ್ದೂ ಅಲ್ಲ, ಎಲ್ರದ್ದು. ಮಳೇಲಿ ನೆಂದೋರು ಯಾರು ಬೇಕಾದ್ರೂ ಹೋಗಿ ಕೂರಬಹುದು. ಹಂಗೇ ಯಾರು ಬೇಕಾದ್ರೂ ಒಂದು ನಾರು ತಂದು ನೇಯಬಹುದು. ಮೊದ್ಲಿಂದ್ಲೂ ಪದ್ಧತಿ ಅದು.

ಪದ್ಧತಿ ಏನೋ ಸರಿ. ಆದ್ರೆ ನೇಯ್ದಿದ್ದನ್ನ ನೋಡೋಳು ನಿಂಗಾಜಕ್ಕ.

ನಿಂಗಾಜಕ್ಕ ಗೀಜಗ. ಗೀಜಗನ ಕೈಗುಣ ಗೊತ್ತಲ್ಲ, ಹುಲ್ಲಲ್ಲೇ ಮನೆ ಕಟ್ಟೋ ಜನ. ಊರಗೂಡಲ್ಲಿ ಯಾವ ನಾರು ಎಲ್ಲಿಂದ ಬಂದು ಎಲ್ಲಿ ಗಂಟು ಬಿದ್ದಿದೆ ಅಂತ ಕಣ್ಣು ಮುಚ್ಕೊಂಡು ಹೇಳ್ತಾಳೆ. ಯಾರಾದ್ರೂ ಹೊಸದಾಗಿ ನಾರು ಸೇರಿಸಿದ್ರೆ ಪಕ್ಕದ ಗರಿ ಮೇಲೆ ಕೂತು ಕಾಯ್ಬೇಕು. ಅವಳು ಬರ್ತಾಳೆ. ಕೊಕ್ಕಲ್ಲಿ ಹಿಡಿದು ಒಂದ್ಸಲ ಎಳೀತಾಳೆ. ಚೆನ್ನಾಗಿದ್ರೆ ಏನೂ ಅನ್ನಲ್ಲ, ಹೋಗ್ತಾಳೆ. ಚೆನ್ನಾಗಿಲ್ದಿದ್ರೂ ಏನೂ ಅನ್ನಲ್ಲ. ಕಿತ್ತು ನೀರಿಗೆ ಹಾಕಿ ಹೋಗ್ತಾಳೆ. ಕಟ್ಟಿದೋರು ಕೂತ್ಕೊಂಡು, ತಮ್ಮ ನಾರು ಕೆರೇಲಿ ತೇಲಿ ಹೋಗೋದು ನೋಡ್ಬೇಕು.

"ಯಾಕಕ್ಕಾ ಕಿತ್ತೆ?" ಅಂತ ಕೇಳಿದ್ರೆ, "ನಂಗೆ ಯಾರಮ್ಮ ಹೇಳ್ಕೊಟ್ರು? ನೋಡಿ ಕಲ್ತೆ. ನೀವೂ ನೋಡಿ ಕಲೀರಿ" ಅನ್ನೋಳು. ಹೇಳ್ಕೊಡೋ ಹೊತ್ತಲ್ಲಿ ತಾನೇ ಮಾಡಿ ಮುಗಿಸಬಹುದು ಅಂತ ಅವಳ ಲೆಕ್ಕ.

ಕೆರೆಯಂಚಿನ ರಾಟವಾಳ ಈರಕ್ಕ ಗೊತ್ತಲ್ಲ, ಬೆನ್ನು ಕಂದು, ಹೊಟ್ಟೆ ಮೇಲೆ ಚುಕ್ಕಿ ಚುಕ್ಕಿ. ಹೋದ ಬೇಸಿಗೇಲಿ ಗಂಡ, ನಾದಿನಿ ಎಲ್ರನ್ನೂ ಕರ್ಕೊಂಡು ಬಂದಿದ್ಲು ಊರಗೂಡಿಗೆ ಕೈ ಸೇರ್ಸೋಕೆ. ಬೆಳ್ಳಗೆ ಮಿರಿ ಮಿರಿ ಅನ್ನೋ ಒಣ ಹುಲ್ಲಿನ ತೆನೆ ತಂದಿದ್ರು. ಇಡೀ ಮನೆಯೋರು ಕೂತು ನೇಯ್ದ್ರು. ನಿಂಗಾಜಕ್ಕ ಬಂದ್ಲು, ಎಳೆದ್ಲು, ಕಿತ್ತು ಹಾಕಿದ್ಲು. ಒಂದಾದ ಮೇಲೊಂದು. ಕೆರೆ ಮೇಲೆ ಒಣ ಹುಲ್ಲು ಹಾಸಿದಂಗಾಯ್ತು.

"ಒಂದು ಮಾತು ಅಂದಿದ್ರೆ ಬೇರೆ ತರ್ತಿದ್ವಲ್ಲಕ್ಕಾ" ಅಂದ್ಲು ಈರಕ್ಕ.

"ಕಣ್ಣಿಲ್ವಾ ನಿಂಗೆ?" ಅಂದ್ಲು ಇವಳು.

ಈರಕ್ಕ ಮೂತಿ ತಿರುಗಿಸ್ಕೊಂಡು ಮನೆಯೋರ್ನೆಲ್ಲ ಎಬ್ಬಿಸ್ಕೊಂಡು ಹೋದ್ಲು. ಆಮೇಲೆ ಈಚಲು ಮರದ ಕಡೆ ತಲೆ ಹಾಕಿಲ್ಲ. ಹಿಂಗೆ ಬಂದೋರು, ಹೋದೋರು ಎಷ್ಟು ಜನ! ಗೊರವಂಕ ಬಂತು, ಹೋಯ್ತು. ಗುಬ್ಬಿ ಬಂತು, ಹೋಯ್ತು. ಕೊನೆಗೆ ಊರಗೂಡಿಗೆ ಕೂರೋಕೆ ಮಾತ್ರ ಎಲ್ರೂ, ನೇಯೋಕೆ ನಿಂಗಾಜಕ್ಕ ಒಬ್ಳೇ.

ಎದುರು ಕಲ್ಲಿನ ಮೇಲೆ ಮೀನಿಗೆ ಹೊಂಚು ಹಾಕ್ಕೊಂಡು ಕೂರ್ತಾನಲ್ಲ, ಮಿಂಚುಳ್ಳಿ ಬೋರಣ್ಣ, ಅವನು ದಿನಾ ಚುಚ್ಚೋನು. "ಏನತ್ತೆ, ಊರಗೂಡು ಅಂತೀಯ, ಊರಲ್ಲಿ ಒಬ್ರೂ ಕಾಣಲ್ಲ?"

"ಸೋಮಾರಿ ಊರು. ಅದಕ್ಕೆ ಕಾಣಲ್ಲ."

"ಅಲ್ಲತ್ತೆ, ನೀನು ಕಿತ್ತು ಎಸೆದಿದ್ದೆಲ್ಲ ಒಟ್ಟು ಮಾಡಿದ್ರೆ ಇನ್ನೊಂದು ಊರಗೂಡು ಆಗ್ತಿತ್ತು."

"ನಿನ್ನ ಮೀನು ನೋಡ್ಕೋ ಹೋಗೋ."

ಬಾಯಲ್ಲಿ ಹಂಗಂದ್ಲು. ಒಳಗೆ ಮಾತ್ರ ಅವಳಿಗೆ ಸುಸ್ತಾಗಿತ್ತು. ಕತ್ತು ಹಿಡ್ಕೊಂಡಿತ್ತು, ಕೊಕ್ಕಿನ ಬುಡ ಊದ್ಕೊಂಡಿತ್ತು. ಅದರ ಮೇಲೆ, ಈ ಸಲ ಪಡುವಣ ಕಡೆ, ಅಂದ್ರೆ ಮಳೆಗಾಳಿ ಬಂದು ಬಡಿಯೋ ಕಡೇಗೇ, ಗೂಡಿನ ಗೋಡೆ ಬಿರುಕು ಬಿಟ್ಟಿತ್ತು. ಒಂದು ಹಕ್ಕಿ ತಲೆ ಹಾಕೋ ಅಷ್ಟು.

ಬೇರೆ ವರ್ಷ ಆಗಿದ್ರೆ ಪರವಾಗಿಲ್ಲ. ಈ ವರ್ಷ ಅವಳ ಮಗಳು ಬಾಣಂತನಕ್ಕೆ ಊರಗೂಡಿಗೇ ಬಂದಿದ್ಲು. ಮೊಮ್ಮಕ್ಳು ಒಳಗೇ ಇದ್ವು. ಇನ್ನೂ ರೆಕ್ಕೆ ಬಲಿತಿಲ್ಲ, ಬರೀ ಬಾಯಿ ಬಲಿತಿತ್ತು. ಮಗಳೂ ಅಳಿಯಾನೂ ಬೆಳಗ್ಗೆ ಹುಳ ತರೋಕೆ ಹೊಲಕ್ಕೆ ಹೋದ್ರೆ ಅಜ್ಜಿದೇ ಕಾವಲು. ಗೂಡಿನ ಬಾಗ್ಲಿಂದ ಕೆಳಗೆ ನೋಡಿದ್ರೆ ಬರೀ ನೀರು. ನೋಡ್ದಾಗೆಲ್ಲ ನಿಂಗಾಜಕ್ಕ ಮರಿಗಳನ್ನ ಇನ್ನೂ ಒಳಕ್ಕೆ ತಳ್ಳೋಳು. ಗಾಳಿ ಬರೋದ್ರೊಳಗೆ ಆ ಬಿರುಕು ಮುಚ್ಚಬೇಕು. ಒಬ್ಳ ಕೊಕ್ಕಲ್ಲಿ ಎಷ್ಟಾಗುತ್ತೆ?

ಅಂಥ ಹೊತ್ತಿಗೆ ಸೂಜಿಮಲ್ಲಿ ಬಂದಿದ್ದು.

ಸೂಜಿಮಲ್ಲಿ ಸಿಂಪಿಗ ಹಕ್ಕಿ. ಎಲೆಗೆ ಎಲೆ ಸೇರ್ಸಿ ಹೊಲಿಯುತ್ತಲ್ಲ, ಆ ಜಾತಿ. ಕೆರೆ ಆಚೆ ಬದನೆ ತೋಟದಲ್ಲಿದ್ಲು. ಕಾಯಿ ಮುಗೀತು ಅಂತ ಗಿಡಾನೆಲ್ಲ ಕಿತ್ತು ಹಾಕಿದ್ರು, ಇವಳ ಮನೇನೂ ಹೋಯ್ತು. ಹಿಡಿಯಷ್ಟು ಇದಾಳೆ, ಬಾಲ ಮಾತ್ರ ಯಾವಾಗ್ಲೂ ನೆಟ್ಟಗೆ ಮೇಲಕ್ಕೆ. ದನಿ ಕೇಳಿದ್ರೆ ಇಷ್ಟು ಸಣ್ಣ ಮೈಯಿಂದ ಇಷ್ಟು ಗಟ್ಟಿ ದನಿ ಹೆಂಗೆ ಬಂತಪ್ಪ ಅನ್ಸುತ್ತೆ.

"ಅಜ್ಜಿ, ನಾನೂ ಏನಾದ್ರೂ ಮಾಡ್ಲಾ? ಸುಮ್ನೆ ಬಂದು ಕೂರೋಕೆ ಒಂಥರಾ ಆಗುತ್ತೆ."

"ಮಾಡು. ಯಾರು ಬೇಡ ಅಂದ್ರು? ಇದೇನು ನಮ್ಮಪ್ಪನ ಮನೇನಾ?" ಅಂದ್ಲು ನಿಂಗಾಜಕ್ಕ. ಮಾತು ನೋಡಿದ್ರೆ ಕರೆದಂಗಿದೆ, ದನಿ ಕೇಳಿದ್ರೆ ಅಟ್ಟಿದಂಗಿದೆ. ಈ ವಿದ್ಯೆ ನಿಂಗಾಜಕ್ಕಂಗೇ ಗೊತ್ತು.

ಪಾಪ, ಹುಡುಗಿಗೆ ಅದೇ ಸಾಕಾಯ್ತು. ಹಾರಿ ಹೋಗಿ ಎಲ್ಲೆಲ್ಲೋ ಹುಡುಕಿ ಒಂದು ಹೊಂಗೆ ಎಲೆ ಕಿತ್ಕೊಂಡು ಬಂದ್ಲು. ಜೇಡರ ಬಲೆ ಎಳೆದು ನೂಲು ಮಾಡಿದ್ಲು. ಬೂರುಗದ ಹತ್ತಿ ಸೇರ್ಸಿ ಹೊಸೆದ್ಲು. ಬಿರುಕಿನ ಮೇಲೆ ಎಲೆ ಇಟ್ಟು ಸುತ್ತಲೂ ಹೊಲಿಗೆ ಹಾಕಿದ್ಲು. ಏನು ಹೊಲಿಗೆ ಅಂತೀರಾ! ಬೋರಣ್ಣ ಮೀನು ಬಿಟ್ಟು ನೋಡ್ತಾ ಕೂತಿದ್ದ.

ಹೊಲಿದು ಪಕ್ಕದ ಗರಿ ಮೇಲೆ ಕೂತ್ಲು, ಅಜ್ಜಿ ಬಂದು ನೋಡ್ಲಿ ಅಂತ. ಅಜ್ಜಿ ಬರ್ಲಿಲ್ಲ. ಹೊತ್ತು ನೆತ್ತಿಗೇರ್ತು. ನಿಂಗಾಜಕ್ಕ ಎದುರಿಂದಾನೇ ಹೋದ್ಲು, ಬಂದ್ಲು, ಮತ್ತೆ ಹೋದ್ಲು. ನೋಡ್ಲೇ ಇಲ್ಲ. ಹೊತ್ತು ಇಳೀತು. ಹುಡುಗಿ ನೀರು ಕುಡಿಯೋಕೂ ಎದ್ದಿಲ್ಲ. ನಾನು ಎದ್ದಾಗ ಅಜ್ಜಿ ಬಂದ್ಬಿಟ್ರೆ ಅಂತ ಭಯ. ಕಾದು ಕಾದು ಅವಳ ಬಾಲಾನೂ ಸ್ವಲ್ಪ ಕೆಳಗಾಯ್ತು.

ಕೊನೆಗೂ ನಿಂಗಾಜಕ್ಕ ಬಂದ್ಲು. ನೋಡಿದ್ಲು. ಹಿಡಿದು ಪರ್ ಅಂತ ಕಿತ್ತು ನೀರಿಗೆ ಹಾಕಿದ್ಲು.

"ಯಾಕಜ್ಜಿ?"

"ಎಲೆ! ಊರಗೂಡಿಗೆ ಎಲೆ!"

"ಎಲೆ ಆದ್ರೆ ಏನಾಗುತ್ತೆ ಅಜ್ಜಿ?"

"ಏನಾಗುತ್ತೆ ಅಂತ ಗೊತ್ತಿಲ್ದಿದ್ರೆ ಯಾಕಮ್ಮ ಕೊಕ್ಕು ಹಾಕ್ತೀಯ?"

ಈರಕ್ಕ ಆಗಿದ್ರೆ ಎದ್ದು ಹೋಗ್ತಿದ್ಲು. ಸೂಜಿಮಲ್ಲಿಗೆ ಹೋಗೋಕೆ ಜಾಗ ಎಲ್ಲಿತ್ತು? ರಾತ್ರಿಯೆಲ್ಲ ಗರಿ ಮೇಲೆ ಮುದುರ್ಕೊಂಡು ಯೋಚನೆ ಮಾಡಿದ್ಲು. ಹೊಲಿಯೋದು ನಂಗೆ ಬರಲ್ಲ ಅಂತ ಅಲ್ಲ, ಇವ್ರಿಗೆ ಬೇಡ ಅಷ್ಟೇ. ಹೋಗ್ಲಿ, ಯಾರೂ ಬೇಡ ಅನ್ನದಂಥ ಕೆಲ್ಸ ಮಾಡೋಣ. ಕಸ ತೆಗೆಯೋದು ಯಾರು ಬೇಡ ಅಂತಾರೆ?

ಮಾರನೇ ದಿನ ಮಧ್ಯಾಹ್ನ ಕೇಳಿದ್ಲು. "ಅಜ್ಜಿ, ಗೂಡೊಳಗೆ ಕ್ಲೀನ್ ಮಾಡಿ ಕೊಡ್ಲಾ?"

ನಿಂಗಾಜಕ್ಕ ಬಾಯಿ ತುಂಬ ನಾರು ಕಚ್ಕೊಂಡು ಬಿರುಕಿನ ಹತ್ರ ತಲೆಕೆಳಗಾಗಿ ನೇತಾಡ್ತಿದ್ಲು. "ಮಾಡ್ಕೋ ಹೋಗು. ತಲೆ ತಿನ್ಬೇಡ."

ಹುಡುಗಿ ಖುಷಿಯಾಗಿ ಒಳಗೆ ಹೋದ್ಲು. ಮರಿಗಳು ಹಿಕ್ಕೆ ಹಾಕಿದ್ದು ತೆಗೆದ್ಲು. ಹುಳದ ರೆಕ್ಕೆ, ಕಾಲು ಎಲ್ಲ ಎತ್ತಿ ಹಾಕಿದ್ಲು. ಬೂರುಗದ ಹತ್ತಿ ತಂದು ಮೆತ್ತಗೆ ಹಾಸಿ, ಮರಿಗಳನ್ನ ಸರಿಯಾಗಿ ಕೂರಿಸಿದ್ಲು. ಆಮೇಲೆ ಕತ್ತೆತ್ತಿ ನೋಡ್ತಾಳೆ, ಗೋಡೆ ತುಂಬ ಮಣ್ಣು! ಉಂಡೆ ಉಂಡೆ ಕೆರೆಮಣ್ಣು, ಒಣಗಿ ಕಲ್ಲಾಗಿದೆ, ಒಳಗಡೆ ಸುತ್ತಲೂ ಮೆತ್ತಿದೆ.

"ಅಯ್ಯೋ ಶಿವನೇ, ಎಷ್ಟು ವರ್ಷದ ಕೊಳೆಯೋ! ಪಾಪ, ಅಜ್ಜಿಗೆ ಇದಕ್ಕೆಲ್ಲ ಎಲ್ಲಿ ಪುರುಸೊತ್ತು" ಅಂತ ಸೊಂಟ ಕಟ್ಟಿ ನಿಂತ್ಲು.

ಈ ಮಣ್ಣಿನ ಕತೆ ಕೇಳಿ. ಗೀಜಗ ಗೂಡಿಗೆ ಮಣ್ಣು ಮೆತ್ತುತ್ತೆ ಅಂತ ಈ ದಡದಲ್ಲಿ ಎಲ್ರಿಗೂ ಗೊತ್ತು, ಆಚೆಯಿಂದ ಬಂದ ಈ ಹುಡುಗಿ ಒಬ್ಳನ್ನ ಬಿಟ್ಟು. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಮಿಂಚುಹುಳ ಅಂಟಿಸಿ ದೀಪ ಮಾಡ್ಕೊಳ್ಳೋಕೆ ಅಂತ ಸುತ್ತಲ ಹಳ್ಳೀಲೆಲ್ಲ ಹೇಳ್ತಾರೆ. ದೀಪಾನೂ ಇಲ್ಲ, ಎಣ್ಣೇನೂ ಇಲ್ಲ, ಎಲ್ಲ ಬಾಯಿ ಮಾತು. ನಾನೂ ಒಂದಷ್ಟು ಕಡೆ ಹೇಳಿದೀನಿ ಅನ್ನಿ. ನಿಜ ಗೊತ್ತಿದ್ದಿದ್ದು ನಿಂಗಾಜಕ್ಕಂಗೆ ಒಬ್ಳಿಗೇ. ಬಾಯಿ ಬಿಟ್ಟು ಹೇಳಿದ್ರೆ ಏನಾಗ್ತಿತ್ತು? ಹೇಳಿಲ್ಲ.

ಸೂಜಿಮಲ್ಲಿ ಕುಟ್ಟಿ ಕುಟ್ಟಿ ಒಂದೊಂದೇ ಉಂಡೆ ಬಿಡಿಸಿದ್ಲು. ಬುಳುಕ್, ಬುಳುಕ್ ಅಂತ ನೀರಿಗೆ ಹಾಕಿದ್ಲು. ಕೊಕ್ಕು ನೋವು ಬಂದ್ರೂ ಬಿಡ್ಲಿಲ್ಲ. ಒಂದು ಚೂರೂ ಉಳಿಸ್ಲಿಲ್ಲ. ಮುಗಿಸಿ ಹೊರಗೆ ಬಂದು ಮೈ ಕೊಡವಿ ನಿಂತ್ಲು ನೋಡಿ, ಬಾಲ ಮತ್ತೆ ನೆಟ್ಟಗೆ.

"ಅತ್ತೆ, ನಿನ್ನ ಗೂಡಿಂದ ಕಲ್ಲು ಬೀಳ್ತಿದೆ, ನನ್ನ ಮೀನೆಲ್ಲ ಓಡಿ ಹೋದ್ವು" ಅಂತ ಬೋರಣ್ಣ ಕೂಗ್ದ.

"ಸುಮ್ನಿರೋ, ಸದಾ ನಿಂದೊಂದು" ಅಂದ್ಲು ನಿಂಗಾಜಕ್ಕ. ತಿರುಗೀನೂ ನೋಡ್ಲಿಲ್ಲ.

ಇನ್ನೂ ಬಿಸಿಲಿತ್ತು. ಇದ್ದಕ್ಕಿದ್ದಂಗೆ ಪಡುವಣ ಕಡೆ ಕರ್ರಗಾಯ್ತು. ಕೆರೆ ನೀರು ಮೊದ್ಲು ಸುಮ್ನಾಯ್ತು, ಆಮೇಲೆ ನಡುಗ್ತು. ಬಂತು ಗಾಳಿ.

ಏನು ಗಾಳಿ ಅದು! ಈಚಲು ಮರ ಬಿಲ್ಲಿನಂಗೆ ಬಗ್ತು. ಪ್ರತಿ ವರ್ಷ ಗಾಳಿಗೆ ಊರಗೂಡು ಒಂಚೂರು ತೂಗೋದು, ತೊಟ್ಟಿಲು ತೂಗಿದಂಗೆ, ಅಷ್ಟೇ. ಈ ಸಲ ಗಾಳಿ ಗೂಡನ್ನ ಚೆಂಡಿನಂಗೆ ಎತ್ತಿ ಆಡ್ತು. ಅತ್ಲಾಗೆ ಹೋಗಿ ಮರದ ಬೊಡ್ಡೆ ಮುಳ್ಳಿಗೆ ಬಡೀತು, ಇತ್ಲಾಗೆ ಬಂತು, ಮತ್ತೆ ಹೋಗಿ ಬಡೀತು. ಬಿರುಕು ಚರ್ ಅಂತು. ಒಳಗಿಂದ ಮರಿಗಳು ಕಿರೋ ಅಂತ ಕಿರುಚಿದ್ವು.

ನಿಂಗಾಜಕ್ಕ ಬಾಯಲ್ಲಿದ್ದ ನಾರು ಬಿಟ್ಟು ಹಾರಿದ್ಲು. ಹೆಂಗೋ ಬಾಗ್ಲು ಹಿಡ್ಕೊಂಡು ಒಳಗೆ ನುಗ್ಗಿದ್ಲು. ಸೂಜಿಮಲ್ಲಿ ಹಿಂದೇನೇ ಬಂದ್ಲು. ಮರಿಗಳು ಹತ್ತೀಲಿ ಒಂದರ ಮೇಲೊಂದು ಉರುಳಾಡ್ತಿದ್ವು, ಬಿರುಕಿನ ಕಡೇಗೇ ಜಾರ್ತಿದ್ವು. ಅಜ್ಜಿ ಅವನ್ನ ರೆಕ್ಕೇಲಿ ಅವುಚ್ಕೊಂಡು ಗೋಡೆ ನೋಡಿದ್ಲು.

"ಮಣ್ಣೆಲ್ಲಿ?"

"ಯಾವ ಮಣ್ಣಜ್ಜಿ?"

"ಗೋಡೇಲಿದ್ದ ಮಣ್ಣೆಲ್ಲೇ?"

"ಕ್ಲೀನ್ ಮಾಡ್ದೆ ಅಜ್ಜಿ. ನೀವೇ ಮಾಡ್ಕೋ ಅಂದ್ರಲ್ಲ... ಎಲ್ಲಾ ತೆಗೆದೆ" ಅಂದ್ಲು ಹುಡುಗಿ. ಕೊನೇ ಮಾತು ಬರೋ ಹೊತ್ತಿಗೆ ಅವಳಿಗೂ ಏನೋ ಎಡವಟ್ಟಾಗಿದೆ ಅಂತ ಗೊತ್ತಾಗಿತ್ತು.

ನಿಂಗಾಜಕ್ಕ ಬಾಯಿ ತೆರೆದ್ಲು. ನಿಮಗೆ ಗೊತ್ತಲ್ಲ ಆ ಬಾಯಿ! ಹಾಳಾದೋಳೇ, ಮನೆಹಾಳಿ, ಎಲ್ಲಾ ನಾಲಿಗೆ ತುದೀಲಿ ಸಾಲಾಗಿ ನಿಂತಿದ್ವಂತೆ. ಅಷ್ಟರಲ್ಲಿ ಹುಡುಗಿ ಕೊಕ್ಕು ಕಣ್ಣಿಗೆ ಬಿತ್ತು. ಕುಟ್ಟಿ ಕುಟ್ಟಿ ತುದಿ ಸಿಪ್ಪೆ ಎದ್ದಿತ್ತು. ಮರಿಗಳ ಕೆಳಗೆ ಹೊಸ ಹತ್ತಿ. ಕೆಡಿಸೋಕೆ ಬಂದೋಳು ಹತ್ತಿ ಹಾಸ್ತಾಳಾ? "ಆಗ ನಂಗೆ ಅನ್ನಿಸ್ತು ಕಣೇ" ಅಂತ ನನ್ ಹತ್ರ ಅಂದ್ಲು, "ಇವಳು ಕೇಳಿದ್ಲು. ಯಾಕೆ ಅಂತ ಕೇಳಿದೋಳಿಗೆ ನಾನು ಒಂದ್ಸಲಾನೂ ಹೇಳ್ಲಿಲ್ಲ. ಬೈಯೋದಾದ್ರೆ ಯಾರನ್ನ ಬೈಯ್ಲಿ?"

ಬೈಗುಳ ನುಂಗ್ಕೊಂಡ್ಲು. ಜೀವಮಾನದಲ್ಲಿ ಮೊದಲ್ನೇ ಸಲ ಕಾರಣ ಹೇಳಿದ್ಲು.

"ಅದು ಭಾರಕ್ಕೆ ಕಣೇ ಮಗಾ! ಹುಲ್ಲಿನ ಗೂಡು ಹಗೂರ. ಗಾಳಿಗೆ ಹಾರಬಾರ್ದು ಅಂತ ಮಣ್ಣು ಮೆತ್ತೋದು!"

"ಅಷ್ಟೇನಾ?" ಅಂದ್ಲು ಹುಡುಗಿ. ಕಣ್ಣು ದುಂಡಗಾಯ್ತು. "ಭಾರ ಇದ್ರೆ ಸಾಕಾ? ಮಣ್ಣೇ ಆಗ್ಬೇಕಾ?"

"ಭಾರ ಇದ್ರೆ ಸಾಕು. ಈಗ ಎಲ್ಲಿಂದ ತರ್ತೀಯ? ಹಸಿಮಣ್ಣು ಒಣಗಿ ಹಿಡಿಯೋಕೆ..."

"ಮಣ್ಣು ಯಾಕಜ್ಜಿ? ಜನ ಇದ್ದಾರಲ್ಲ! ಎಲ್ರನ್ನೂ ಕರೀರಿ. ಒಳಗೆ ಕೂತ್ರೆ ಅದೇ ಭಾರ!"

ನಿಂಗಾಜಕ್ಕ ಬಾಗ್ಲ ಕಡೆ ನೋಡಿದ್ಲು. ಕರೀಬೇಕು. ಯಾರನ್ನ? ತಾನೇ ನಾರು ಕಿತ್ತು ಎಸೆದು ಕಳಿಸಿದೋರ್ನೆಲ್ಲ. ಅವರು ಯಾಕೆ ಬರ್ತಾರೆ? ಗೂಡು ಇನ್ನೊಂದ್ಸಲ ಮುಳ್ಳಿಗೆ ಬಡೀತು. ಒಂದು ಮರಿ ಅವಳ ರೆಕ್ಕೆಯಿಂದ ಜಾರಿ ಬಿರುಕಿನ ಅಂಚಿಗೆ ಬಂತು. ಸೂಜಿಮಲ್ಲಿ ಅದರ ಕತ್ತು ಕಚ್ಚಿ ಎಳ್ಕೊಂಡ್ಲು.

ಆಗ ನಿಂಗಾಜಕ್ಕ ಬಾಗ್ಲಿಂದ ತಲೆ ಹೊರಗೆ ಹಾಕಿ ಕೂಗಿದ್ಲು. "ಬನ್ರಪ್ಪಾ! ಬನ್ರಮ್ಮಾ! ಯಾರಿದ್ದೀರೋ ಒಳಗ್ ಬನ್ನಿ! ಈರಾ, ಏ ಈರಾ, ಬಾರೇ!"

ರಾಟವಾಳಗಳು ಜೊಂಡಿನಲ್ಲಿ ಗಾಳಿಗೆ ಮೈ ಕುಗ್ಗಿಸ್ಕೊಂಡು ಕೂತಿದ್ವು. ಈರಕ್ಕ ಕತ್ತೆತ್ತಿದ್ಲು. ಅಂಥ ಗಾಳೀಲೂ ಅವಳಿಗೆ ಹಳೇದು ಮರೆತಿಲ್ಲ ನೋಡಿ! "ಒಣ ಹುಲ್ಲು ತಂದೋರು ಬರಬಹುದಾ ಅಕ್ಕಾ? ಕಣ್ಣಿಲ್ದೋರು ಬರಬಹುದಾ?"

"ಅಂದಿದ್ದು ತಪ್ಪಾಯ್ತು ಕಣೇ! ಬಾರೇ ತಾಯೀ! ಮಕ್ಳು ನೀರಿಗೆ ಬೀಳ್ತಾವೆ!"

ಆ ಕೊನೇ ಮಾತಿಗೆ ಈರಕ್ಕ ಎದ್ಲು. ಎದ್ದೋಳ ಹಿಂದೆ ಗಂಡ ಎದ್ದ, ನಾದಿನಿ ಎದ್ಲು, ಇಡೀ ಜೊಂಡೇ ಎದ್ದು ಬಂದಂಗೆ ರಾಟವಾಳದ ಹಿಂಡು ಬಂತು. ಗುಬ್ಬಿಗಳು ಬಂದ್ವು. ಬೋರಣ್ಣ ಬಂದ. "ಅತ್ತೆ, ನನ್ನ ಮೈಯೆಲ್ಲ ಮೀನು ವಾಸ್ನೆ, ಪರವಾಗಿಲ್ವಾ?" ಅಂತ ಬಾಗ್ಲಲ್ಲಿ ನಿಂತು ಬೇರೆ ಕೇಳ್ತಾನೆ. "ಮೂಗು ಮುಚ್ಕೋತೀನಿ, ಬಂದು ಕೂರೋ!" ಅಂತ ಅವನ ಜುಟ್ಟು ಹಿಡಿದು ಒಳಗೆ ಎಳ್ಕೊಂಡ್ಲು.

ನಾವು ಹರಟೆಮಲ್ಲಗಳು ಬಿಡ್ತೀವಾ? ಎಲ್ಲಿ ಗಲಾಟೆ ಅಲ್ಲಿ ನಾವು. ಹಿಂಡು ಹಿಂಡಾಗಿ ನುಗ್ಗಿದ್ವಿ. ಈ ಹಾಳು ಹಕ್ಕಿಗಳ ಬಾಯಿ ಭಾರ ಅಂತ ಊರೆಲ್ಲ ಬೈತಿದ್ರು, ಅವತ್ತು ಮೈ ಭಾರ ಕೆಲ್ಸಕ್ಕೆ ಬಂತು.

ಒಬ್ಬೊಬ್ರು ಒಳಗೆ ಬಂದು ಕೂತಂಗೆಲ್ಲ ಗೂಡಿನ ಆಟ ಕಮ್ಮಿ ಆಯ್ತು. ಮೊದ್ಲು ಮುಳ್ಳಿಗೆ ಬಡಿಯೋದು ನಿಲ್ತು. ಆಮೇಲೆ ಎತ್ತಿ ಹಾಕೋದು ನಿಲ್ತು. ಆಮೇಲೆ ಬರೀ ತೊಟ್ಟಿಲು ತೂಗಿದಂಗೆ, ಅಷ್ಟೇ. ಹೊರಗೆ ಗಾಳಿ ಬೊಬ್ಬೆ ಹೊಡೀತಾನೇ ಇತ್ತು. ಒಳಗೆ ಒತ್ತೊತ್ತಾಗಿ, ಬೆಚ್ಚಗೆ, ಸ್ವಲ್ಪ ಮೀನು ವಾಸ್ನೆ.

ಬಿರುಕು ಮಾತ್ರ ಬಾಯಿ ಬಿಟ್ಕೊಂಡೇ ಇತ್ತು. ಮಳೆ ಹನಿ ಅದರೊಳಗಿಂದ ಮರಿಗಳ ಮೇಲೆ ಎರಚೋಕೆ ಶುರುವಾಯ್ತು.

"ಹೊಲೀಲಾ ಅಜ್ಜಿ?" ಅಂದ್ಲು ಸೂಜಿಮಲ್ಲಿ. ಕೇಳೋಕೂ ಹೆದರಿಕೆ, ಮತ್ತೆ ಕಿತ್ತು ಹಾಕಿದ್ರೆ ಅಂತ.

"ಹೊಲಿಯಮ್ಮ. ಎಲೆ ಒಂದು ಬೇಡ. ಕಿತ್ತ ಎಲೆ ಬಿಸಿಲು ಬಂದ ಮೇಲೆ ಒಣಗುತ್ತೆ, ಮುದುರಿ ಪುಡಿಯಾಗುತ್ತೆ, ಹೊಲಿಗೆ ಸಡಿಲ ಆಗಿ ಬಿರುಕು ಇನ್ನೂ ದೊಡ್ಡದಾಗುತ್ತೆ. ಅದಕ್ಕೇ ಕಿತ್ತಿದ್ದು."

ಹುಡುಗಿ ಅವಳನ್ನೇ ನೋಡಿದ್ಲು. "ಅಯ್ಯೋ ಅಜ್ಜಿ! ಹಂಗಂತ ಅವತ್ತೇ ಅಂದಿದ್ರೆ ಹುಲ್ಲಿಗೆ ಹುಲ್ಲೇ ಸೇರ್ಸಿ ಹೊಲೀತಿದ್ನಲ್ಲ!"

"ಅದೂ ಬರುತ್ತಾ ನಿಂಗೆ?"

"ನೂಲು ಇದ್ರೆ ಏನು ಬೇಕಾದ್ರೂ ಹೊಲೀತೀನಿ. ನೀವು ಹರಿದ ಅಂಚು ಎರಡೂ ಹತ್ರ ಹಿಡ್ಕೊಳ್ಳಿ."

ನಿಂಗಾಜಕ್ಕ ಒಂದು ಅಂಚು ಹಿಡಿದ್ಲು, ಈರಕ್ಕ ಇನ್ನೊಂದು ಅಂಚು ಹಿಡಿದ್ಲು. ಎರಡು ಕೊಕ್ಕೂ ಹತ್ರ ಹತ್ರ. ಕೊಕ್ಕು ತುಂಬ ಹುಲ್ಲಿದ್ದಿದ್ದಕ್ಕೆ ಜಗಳ ಆಡೋಕೆ ಆಗ್ಲಿಲ್ಲ, ಬರೀ ಕಣ್ಣಲ್ಲೇ ಆಡ್ಕೊಂಡ್ರು. ನಡುವೆ ಸೂಜಿಮಲ್ಲಿ ಮೊದಲ್ನೇ ಹೊಲಿಗೇದು ಗೋಡೆಗೆ ಅಂಟ್ಕೊಂಡು ಉಳಿದಿದ್ದ ಜೇಡರ ನೂಲು ಬಿಡಿಸಿ, ಹತ್ತಿ ಎಳೆ ಸೇರ್ಸಿ ಹೊಸೆದು ಹುಲ್ಲಿಗೆ ಹುಲ್ಲು ಹೆಣೆದು ಹೊಲಿದ್ಲು. ಸಿಪ್ಪೆ ಎದ್ದ ಕೊಕ್ಕಲ್ಲೇ. ಕೊನೇ ಗಂಟು ಹಾಕಿದಾಗ ಒಂದು ಹನೀನೂ ಒಳಗೆ ಬರ್ಲಿಲ್ಲ.

ನಿಂಗಾಜಕ್ಕ ಅಭ್ಯಾಸಬಲದಿಂದ ಕೊಕ್ಕು ಚಾಚಿ ಹೊಲಿಗೆ ಎಳೆದು ನೋಡಿದ್ಲು. ಈಗ ಕೀಳ್ತಾಳೆ, ಈಗ ಕೀಳ್ತಾಳೆ ಅಂತ ಬೋರಣ್ಣ ಕಣ್ಣು ಮುಚ್ಕೊಂಡ.

"ಚೆನ್ನಾಗಿದೆ" ಅಂದ್ಲು.

ಅಷ್ಟೇ. ಒಂದು ಮಾತು. ಚೆನ್ನಾಗಿರೋದನ್ನ ಚೆನ್ನಾಗಿದೆ ಅಂತ ಅವಳ ಬಾಯಲ್ಲಿ ನಾವು ಕೇಳಿದ್ದು ಅವತ್ತೇ. ಸೂಜಿಮಲ್ಲಿ ಬಾಲ ಎಷ್ಟು ಮೇಲಕ್ಕೆ ಹೋಯ್ತು ಅಂದ್ರೆ ಹಿಂದೆ ಕೂತಿದ್ದ ಗುಬ್ಬಿ ಕಣ್ಣಿಗೆ ಚುಚ್ತು.

ಗಾಳಿ ತಗ್ತು, ಮಳೆ ನಿಲ್ತು. ಮೋಡದ ಸಂದಿಂದ ಇಳಿ ಬಿಸಿಲು ಕೆರೆ ಮೇಲೆ ಬಿತ್ತು. ಮಗಳೂ ಅಳಿಯಾನೂ ಒದ್ದೆ ಮುದ್ದೆಯಾಗಿ, ಎದೆ ಬಡ್ಕೊಂಡು ಹಾರಿ ಬಂದ್ರು. ಗೂಡು ಇರುತ್ತೋ ಇಲ್ವೋ ಅಂತ ದಾರಿಯುದ್ದಕ್ಕೂ ಅತ್ಕೊಂಡು ಬಂದಿದ್ಲಂತೆ ಮಗಳು. ಒಳಗೆ ಇಣುಕಿ ನೋಡಿದ್ರೆ ಊರೆಲ್ಲ ಅಲ್ಲೇ ಇದೆ! ಮಧ್ಯೆ ಹತ್ತೀಲಿ ಮರಿಗಳು ಬಾಯಿ ತೆರ್ಕೊಂಡು ನಿದ್ದೆ. ಅವಳು ಅಲ್ಲೇ ಬಾಗ್ಲಲ್ಲೇ ಉಸ್ಸಂತ ಕೂತ್ಬಿಟ್ಲು. ನಿಂಗಾಜಕ್ಕ ಮಗಳ ಮುಖ ನೋಡಿ ನಕ್ಳು. ನಕ್ಕಿದ್ದು ಯಾವಾಗ ಅಳು ಆಯ್ತೋ ಅವಳಿಗೇ ಗೊತ್ತಾಗ್ಲಿಲ್ಲ.

ಈಗ ಹೋಗಿ ನೋಡಿ ಊರಗೂಡು. ಗೋಡೆ ತುಂಬ ಹೊಸ ಮಣ್ಣುಂಡೆ. ಹೊಸಬರು ಯಾರು ಬಂದ್ರೂ ಮೊದ್ಲು ಕೂರಿಸಿ ಒಂದು ಹುಳ ಕೊಡ್ತಾಳೆ. ಆಮೇಲೆ, "ಹೋಗಿ ಕೆರೆಯಂಚಿಂದ ಒಂದು ಹಸಿಮಣ್ಣಿನುಂಡೆ ತಗೊಂಡ್ಬಾ" ಅಂತಾಳೆ. ಎಂಥೋರಿಗೂ ಆಗೋ ಕೆಲ್ಸ ಅದು. ಉಂಡೆ ಮೆತ್ತೋವಾಗ ಪಕ್ಕದಲ್ಲೇ ನಿಂತು, ಇದು ಯಾಕೆ, ತೆಗೆದ್ರೆ ಏನಾಗುತ್ತೆ, ಅವತ್ತು ಏನಾಯ್ತು, ಎಲ್ಲಾ ಹೇಳ್ತಾಳೆ. ಮುಗಿಸಿದೋರಿಗೆ ನಾರಿನ ಕೆಲ್ಸ.

ಈರಕ್ಕ ಮತ್ತೆ ಬಂದ್ಲು. ಮತ್ತೆ ಒಣ ಹುಲ್ಲೇ ತಂದ್ಲು, ಬೇಕಂತಾನೇ ಇರಬೇಕು, ಪರೀಕ್ಷೆ ಮಾಡೋಕೆ. ನಿಂಗಾಜಕ್ಕ ಹಲ್ಲು ಕಚ್ಕೊಂಡ್ಲು. ನಮಗೆ ಹಲ್ಲಿಲ್ಲ, ಗೊತ್ತು, ಮಾತಿಗೆ ಹೇಳ್ದೆ. "ನೋಡೇ ಈರಾ, ಒಣಗಿದ್ದು ಗಂಟು ಹಾಕಿದ್ರೆ ಮುರಿಯುತ್ತೆ. ಹಸಿ ಭತ್ತದ ಗರಿ ಅಂಚು ಕಚ್ಚಿ ಹಿಡಿದು ಹಾರು, ನಾರು ತಾನಾಗೇ ಸೀಳ್ಕೊಂಡು ಬರುತ್ತೆ. ಬಾ, ತೋರಿಸ್ತೀನಿ." ಹೇಳೋಕೆ ಎಷ್ಟು ಹೊತ್ತು ಹಿಡೀತು? ಒಂದು ಹುಳ ನುಂಗೋ ಅಷ್ಟು. ಈಗ ರಾಟವಾಳಗಳು ನೇಯೋದು ನೋಡಿದ್ರೆ ಗೀಜಗಗಳೇ ನಾಚ್ಕೋಬೇಕು.

ಹಂಗಂತ ನಿಂಗಾಜಕ್ಕ ಪೂರ್ತಿ ಬದಲಾದ್ಲು ಅನ್ಕೋಬೇಡಿ. ಸರಿ ಇಲ್ಲದ ನಾರು ಈಗ್ಲೂ ಕೀಳ್ತಾಳೆ. ಗೂಡು ನಿಲ್ಲಬೇಕಲ್ಲ! ನೀರಿಗೆ ಹಾಕಲ್ಲ ಅಷ್ಟೇ, ಕೈಗೆ ವಾಪಸ್ಸು ಕೊಡ್ತಾಳೆ, ಯಾಕೆ ಅಂತ ಹೇಳಿ. ಗೊಣಗೋದೂ ಬಿಟ್ಟಿಲ್ಲ. ಆದ್ರೆ ಕತ್ತು ನೋವು ಹೋಗಿದೆ. ಮಧ್ಯಾಹ್ನ ಒಂದು ಕೋಳಿನಿದ್ದೆ ಮಾಡ್ತಾಳೆ. ಅವಳು ಮಲಗಿರೋವಾಗ ಹೊಸಬರಿಗೆ ಸೂಜಿಮಲ್ಲಿ ಮಣ್ಣಿನ ಕತೆ ಹೇಳ್ತಾಳೆ. ಅದರಲ್ಲಿ ಎಲೆ ಕಿತ್ತ ಅಜ್ಜಿ ಮುಖ ಹೆಂಗಿತ್ತು ಅಂತ ಮಾಡಿ ತೋರಿಸ್ತಾಳಂತೆ, ಎಲ್ರೂ ಬಿದ್ದು ಬಿದ್ದು ನಗ್ತಾರಂತೆ. ನಿಂಗಾಜಕ್ಕ ಅರ್ಧ ಕಣ್ಣು ತೆರ್ಕೊಂಡು ಎಲ್ಲಾ ಕೇಳಿಸ್ಕೊಂಡು, ನಿದ್ದೆ ಮಾಡ್ದಂಗೆ ಬಿದ್ಕೊಂಡಿರ್ತಾಳಂತೆ. ಇದೂ ಅವಳೇ ಹೇಳಿದ್ದು, ಯಾರಿಗೂ ಹೇಳ್ಬೇಡ ಅಂತ. ಇನ್ನೊಂದು ವಿಷ್ಯ ಅಂದ್ರೆ, ಆ ಬೋರಣ್ಣ ಇದಾನಲ್ಲ, ಅವನು ಮೊನ್ನೆ ಒಂದು ಮಣ್ಣುಂಡೆ...

ಶ್! ಕೇಳಿಸ್ತಾ? ಮುಳ್ಳುಕಡ್ಡಿ ಅಲ್ಲಾಡ್ತು. ಯಾರೋ ಬಾಗ್ಲಲ್ಲಿದ್ದಾರೆ. ಅಯ್ಯಯ್ಯೋ, ಅವಳೇ ಕಣ್ರೋ! ಯಾರೋ ಹೊಸ ಹಕ್ಕೀನ ಬೇರೆ ಕರ್ಕೊಂಡು ಬಂದಿದಾಳೆ, ಊರು ತೋರಿಸೋಕೆ. ನಗಬೇಡ್ರೋ! ಏನೂ ಕೇಳಿಲ್ಲ ಅನ್ನೋ ಥರ ಮುಖ ಮಾಡಿ. ಆಣೆ ಜ್ಞಾಪಕ ಇರ್ಲಿ, ಬಾಲದ ಪುಕ್ಕ! ಬಂದೆ ನಿಂಗಾಜಕ್ಕಾ, ಬಂದೆ! ಇನ್ನೇನಿಲ್ಲ, ಮಕ್ಳಿಗೆ ಒಂದು ನೀತಿ ಹೇಳ್ತಿದ್ದೆ, ಅದೊಂದು ಮುಗಿಸಿ ಬಂದೆ...

ನೀತಿ: ಕೈ ಸೇರ್ಸೋಕೆ ಬಂದೋರ ಕೆಲ್ಸ ಸರಿ ಇಲ್ದಿದ್ರೆ ಕೀಳಿ, ಆದ್ರೆ ಯಾಕೆ ಅಂತ ಹೇಳಿ ಕೀಳಿ, ಹೇಳ್ದೆ ಅಟ್ಟಿದ್ರೆ, ಗಾಳಿ ಬಂದ ದಿನ ಗೂಡು ಹಾರದಂಗೆ ಭಾರವಾಗಿ ಕೂರೋಕೆ ಯಾರೂ ಇರಲ್ಲ.